ಹಿಂದಿನ ಸೀಟಿನ ಕಟ್ಟಳೆ

ಹಿಂಬಾಗಿಲು ತೆರೆದು ಒಬ್ಬರು ಒಳಗೆ ಕುಳಿತರು. ಕನ್ನಡಿಯಲ್ಲಿ ಆ ಮುಖ ಕಂಡದ್ದೇ ರೊವೀನಾ ಕಾರು ಹೊರಡಿಸುವುದನ್ನೇ ಮರೆತಳು.

ಪ್ರೊಫೆಸರ್ ಅಬರ್ನಾಥಿ. ಅವಳ ಸಂಶೋಧನೆಯ ಮಾರ್ಗದರ್ಶಕರು. ಅವರು ಸ್ಕಾಟ್ಲೆಂಡಿಗೆ ಹೋಗಿದ್ದಾರೆ, ಬೇಸಿಗೆಯವರೆಗೂ ಬರುವುದಿಲ್ಲ ಎಂದು ಅವಳು ನಿನ್ನೆಯಷ್ಟೇ ಗಂಡನಿಗೆ ಹೇಳಿದ್ದಳು. ಆ ಗಂಡ, ಡ್ವೇನ್ ಪ್ರೂಯಿಟ್, ಈಗ ಪಕ್ಕದ ಸೀಟಿನಲ್ಲೇ ಕುಳಿತು ಡೋನಟ್ ಮೆಲ್ಲುತ್ತಿದ್ದ.

ಅವರನ್ನು ಇಳಿಸುವಂತಿರಲಿಲ್ಲ. ವಾಷಿಂಗ್ಟನ್ನಿಗೆ ಹೋಗುವ ಹೆದ್ದಾರಿಯಲ್ಲಿ ಮೂವರಿದ್ದ ಕಾರಿಗೆ ವೇಗದ ಪಥ, ಉಳಿದವರಿಗೆ ಆಮೆನಡಿಗೆ. ಅದಕ್ಕಾಗಿಯೇ ದಿನವೂ ಬೆಳಿಗ್ಗೆ ಫ್ರೆಡರಿಕ್ಸ್‌ಬರ್ಗಿನ ಈ ಪಾರ್ಕಿಂಗ್ ಬಯಲಿನಲ್ಲಿ ಅಪರಿಚಿತರು ಸಾಲುಗಟ್ಟುತ್ತಾರೆ. ಸರದಿ ಬಂದವರು ಬಂದ ಕಾರು ಹತ್ತುತ್ತಾರೆ. ಬಾಡಿಗೆ ಕೊಡುವುದಿಲ್ಲ, ಹೆಸರು ಕೇಳುವುದಿಲ್ಲ. ಇರುವ ಕಟ್ಟಳೆ ಒಂದೇ: ಕಾರಿನವರು ಮಾತನಾಡಿಸದ ಹೊರತು ಹತ್ತಿದವರು ಬಾಯಿ ತೆರೆಯಬಾರದು.

ಅಬರ್ನಾಥಿಯವರ ಮಗಳ ಮನೆ ಇತ್ತ ಕಡೆ ಇದೆಯೆಂದು ಎಂದೋ ಕೇಳಿದ್ದಳು. ಅವರಿಗೂ ಗುರುತು ಹತ್ತಿತು. ತುಟಿಯಲ್ಲಿ ನಗು ಮೂಡತೊಡಗಿತು. ರೊವೀನಾ ಕನ್ನಡಿಯಲ್ಲಿ ಕಂಡೂ ಕಾಣದಂತೆ ಬೇಡವೆಂದು ತಲೆಯಾಡಿಸಿದಳು. ನಗು ಅಲ್ಲಿಗೇ ನಿಂತಿತು.

ಸತ್ಯ ಹೊರಬಿದ್ದರೆ ನಾಳೆಯಿಂದ ಈ ದಾರಿ ಮುಗಿದಂತೆ. ಅವಳನ್ನು ಈಗ ಕಾಯುತ್ತಿದ್ದುದು ಆ ಕಟ್ಟಳೆಯೊಂದೇ. ಆದರೆ ಅದು ಡ್ವೇನ್‌ಗೆ ತಿಳಿಯದು. ಅವನ ಟೈರ್ ಅಂಗಡಿ ಮನೆಯಿಂದ ಕೂಗಳತೆಯಲ್ಲಿತ್ತು. ಇಂದು ಅದಕ್ಕೆ ಬೀಗ ಜಡಿದು, ವಿಭಾಗದ ಮುಖ್ಯಸ್ಥರನ್ನೇ ಕಂಡು ಹೆಂಡತಿಯ ಮುಗಿಯದ ಓದಿನ ವಿಷಯ ಇತ್ಯರ್ಥ ಮಾಡುವೆನೆಂದು ಹಟ ಹಿಡಿದು ಹೊರಟಿದ್ದ.

ಹಿಂದೆ ಕುಳಿತವರ ಕೈಚೀಲದ ಮೇಲಿನ ಯೂನಿವರ್ಸಿಟಿ ಲಾಂಛನ ಅವನ ಕಣ್ಣಿಗೆ ಬಿತ್ತು. "ನೀವೂ ಅದೇ ಯೂನಿವರ್ಸಿಟೀಗಾ ಯಜಮಾನ್ರೇ?"

ಅಬರ್ನಾಥಿ ಒಮ್ಮೆ ಕನ್ನಡಿ ನೋಡಿದರು. "ಹೂಂ. ಅಲ್ಲೇ ಕೆಲಸ."

"ಹಂಗಾದ್ರೆ ಅಬರ್ನಾಥಿ ಅನ್ನೋ ಮಹಾನುಭಾವ ಗೊತ್ತಿರ್ಬೇಕಲ್ಲ?"

ಕಾರು ಪಕ್ಕಕ್ಕೆ ವಾಲಿತು. ಯಾರೋ ಹಾರ್ನ್ ಬಾರಿಸಿದರು. ರೊವೀನಾಳ ಚೀಲ ಉರುಳಿ, ಒಳಗಿದ್ದ ಸ್ಯಾಂಡ್‌ವಿಚ್ ಪೊಟ್ಟಣವೂ ಪತ್ತೇದಾರಿ ಕಾದಂಬರಿಯೂ ಡ್ವೇನ್‌ನ ಕಾಲಬುಡಕ್ಕೆ ಜಾರಿದವು. ಚೀಲದಲ್ಲಿ ಬೇರೇನೂ ಇರಲಿಲ್ಲ. ಅವನು ನೋಡದೆಯೇ ಎರಡನ್ನೂ ಒಳಗೆ ತುರುಕಿದ.

"ಅಲ್ಪಸ್ವಲ್ಪ ಗೊತ್ತು," ಎಂದರು ಅಬರ್ನಾಥಿ.

ಡ್ವೇನ್‌ಗೆ ಅಷ್ಟೇ ಸಾಕಾಯಿತು. ಆರು ವರ್ಷದ ಗೋಳನ್ನೆಲ್ಲ ತೋಡಿಕೊಂಡ. ಮೊದಮೊದಲು ಇವಳು ರಾತ್ರಿಯಿಡೀ ಟೈಪು ಮಾಡುತ್ತಿದ್ದಳಂತೆ. ಈಗ ಎರಡು ವರ್ಷದಿಂದ ತಲೆದಿಂಬು ಮುಟ್ಟಿದ ಕೂಡಲೇ ಗೊರಕೆ. ಆದರೂ ಅದೇನೋ ಒಂದು ಅಧ್ಯಾಯ ಬಾಕಿಯಂತೆ. ಫೀಸು ಕೇಳುವುದನ್ನು ನಿಲ್ಲಿಸಿದ್ದೊಂದೇ ಯೂನಿವರ್ಸಿಟಿಯವರು ಮಾಡಿದ ಪುಣ್ಯ.

"ಇವಳ ಓದು ಮುಗಿದ ಮಾರನೇ ದಿನ ಈ ಕಾರು ಮಾರೋದು, ಅಮ್ಮನ್ನ ನೋಡ್ಕೊಳ್ಳೋಕೆ ಇಟ್ಟಿರೋ ನರ್ಸನ್ನ ಬಿಡಿಸೋದು ಅಂತ ನಮ್ಮಲ್ಲಿ ಒಪ್ಪಂದ. ಅಮ್ಮ ಹಾಸಿಗೆ ಹಿಡಿದು ಎಷ್ಟು ಕಾಲ ಆಯ್ತು! ಸೊಸೆ ಅಂತ ಇದ್ದೂ ಕೂಲಿಯವಳ ಕೈಲಿ ಉಣ್ಣಬೇಕು. ನೀವೇ ಹೇಳಿ ಯಜಮಾನ್ರೇ, ಇವಳು ದಡ್ಡಿನಾ, ಇಲ್ಲಾ ಆ ಪ್ರೊಫೆಸರ್ ದುಷ್ಟನಾ?"

ಈ ಮಾತನ್ನು ನಿಲ್ಲಿಸುವ ಹಕ್ಕು ಕಾರು ಓಡಿಸುವವಳಿಗಿತ್ತು. ಅವಳು ವೇಗವನ್ನಷ್ಟೇ ಹೆಚ್ಚಿಸಿದಳು.

ಅಬರ್ನಾಥಿ ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡರು.

"ದುಷ್ಟ ಅಂತಲೇ ಇಟ್ಕೊಳ್ಳಿ. ಮೇಲಿನವರ ಹತ್ರ ದೂರು ಹೋಯ್ತು ಅಂದ್ರೆ ಹಟಕ್ಕೆ ಬಿದ್ದು ಇನ್ನೂ ಎರಡು ವರ್ಷ ಎಳೀತಾನೆ. ಆಮೇಲೆ ನಿಮ್ಮಿಷ್ಟ."

ಡ್ವೇನ್‌ನ ಹುರುಪು ಗಾಳಿ ಹೋದ ಟೈರಿನಂತೆ ಕುಸಿಯಿತು. ಓದಿದವರ ಜಾತಿಯನ್ನೇ ಶಪಿಸುತ್ತ ಕುಳಿತವನು, ವಾಷಿಂಗ್ಟನ್ ಸೇರಿದೊಡನೆ, ಮನೆಗೆ ಮರಳಲು ರೈಲು ನಿಲ್ದಾಣದ ಬಳಿ ಕಾರು ನಿಲ್ಲಿಸಹೇಳಿದ. "ಸಂಜೆ ಅಮ್ಮನ ಊಟದ ಹೊತ್ತಿಗೆ ಬಂದ್ಬಿಡು. ನರ್ಸು ಒಂದು ನಿಮಿಷ ಹೆಚ್ಚಿಗೆ ಕೂರಲ್ಲ," ಎಂದು ಬಾಗಿಲು ಬಡಿದು ಜನರ ನಡುವೆ ಕರಗಿಹೋದ.

ಅಬರ್ನಾಥಿ ಇಳಿಯಲಿಲ್ಲ. ಕಟ್ಟಳೆ ಮುರಿದು ತಾವೇ ಮೊದಲು ಮಾತನಾಡಿದರು.

"ಬೈಸ್ಕೊಂಡಿದ್ದಕ್ಕೆ ಬೇಜಾರಿಲ್ಲ. ಒಂದೇ ಅರ್ಥ ಆಗ್ತಿಲ್ಲ. ಎರಡು ವರ್ಷದ ಹಿಂದೆ ಘಟಿಕೋತ್ಸವದಲ್ಲಿ ನಿಮ್ಮ ಹೆಗಲಿಗೆ ಡಾಕ್ಟರೇಟಿನ ವಸ್ತ್ರ ಹೊದಿಸಿದ್ದು ನಾನೇ ಅಲ್ವಾ, ಡಾಕ್ಟರ್ ಪ್ರೂಯಿಟ್?"

ರೊವೀನಾ ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದಳು.

"ಅದನ್ನ ಮನೇಲಿ ಹೇಳಿದ್ದಿದ್ರೆ, ಇವತ್ತು ನಿಮಗೆ ಈ ಕಾರು ಸಿಗ್ತಿರ್ಲಿಲ್ಲ ಸಾರ್."