ಅಡ್ಡಹೆಸರಿನ ಕೂಸು

ಶಂಕ್ರವ್ವ ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಯ ಹತ್ತಿರ ಬಾಯಿ ತಂದವಳು, ಹೆಸರು ಹೇಳದೆ ಹಾಗೇ ನೆಟ್ಟಗಾದಳು. ಸೋದರತ್ತೆ ಹೆಸರು ಉಸುರಿದ ಕೂಡಲೇ ಅವಳ ಬೆನ್ನಿಗೆ ಗುದ್ದುವುದು ಅವರ ಕಡೆಯ ಪದ್ಧತಿ. ಅದಕ್ಕೆಂದೇ ಮುಷ್ಟಿ ಕಟ್ಟಿಕೊಂಡು ನಿಂತಿದ್ದ ನಾಲ್ಕು ಹೆಂಗಸರು ಎತ್ತಿದ ಕೈ ಇಳಿಸಲಿಲ್ಲ.

“ಈ ಹೆಸರು ನನ್ನ ಬಾಯಾಗ ಬರಂಗಿಲ್ಲ,” ಎಂದಳು ಶಂಕ್ರವ್ವ. “ಹೆಣ್ಣುಕೂಸಿಗೆ ಯಾರರ ಗೂಗಿ ಅಂತ ಹೆಸರಿಡ್ತಾರೇನು? ಅದು ನಮ್ಮ ಮನಿತನದ ಅಡ್ಡಹೆಸರು. ಹಿಂದ ಇದ್ರ ಸಾಕು, ಮುಂದ ಬ್ಯಾಡ.”

ಅವಳ ತಮ್ಮ ನಿಂಗರಾಜ, ಮಗುವಿನ ಅಪ್ಪ, ಹೌದೆಂದು ತಲೆಯಾಡಿಸಿದ. ಆ ಅಡ್ಡಹೆಸರು ಅವನಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಗೂಗಿ ಎಂದರೆ ಗೂಬೆ; ಊರಿನ ಶಾಲೆಯಲ್ಲಿ ಹುಡುಗರು ಅವನನ್ನು ಕಂಡರೆ ಗೂಬೆಯ ಹಾಗೆ ಕೂಗುತ್ತಿದ್ದರು. ಬೆಂಗಳೂರಿನ ಆಫೀಸಿನವರು ಸಭ್ಯರು. ಅರ್ಥ ಕೇಳಿ, ನಕ್ಕು, ಆಮೇಲೆ ಸಾರಿ ಎನ್ನುತ್ತಿದ್ದರು. ಹೇಳಿ ಹೇಳಿ ಸುಸ್ತಾಗಿ ಅವನು ಬಿಟಿಎಂನ ಈ ಬಾಡಿಗೆ ಮನೆಯ ಬಾಗಿಲಲ್ಲಿ ನಿಂಗರಾಜ ಜಿ. ಎಂದಷ್ಟೇ ಬರೆಸಿಕೊಂಡಿದ್ದ.

“ಧೃತಿ ಅಂತಿಡಿ, ನಮ್ಮ ಮೊಮ್ಮಗಳ ಹೆಸರು. ಮಿಸ್ ಕರೆದ್ರೂ ಚೆನ್ನಾಗಿರತ್ತೆ,” ಎಂದರು ಮನೆ ಓನರ್ ಸರಸ್ವತಿ. “ಗೂಬೆ ಅಂದ್ರೆ ಅಪಶಕುನ ಅಲ್ವೇನಮ್ಮ?”

“ಅದಕ್ಕ ಇಡಾಕತ್ತೀನ್ರಿ ಆಂಟಿ,” ಎಂದಳು ತಾಯಿ ವಿಜಯಲಕ್ಷ್ಮಿ. ತೊಟ್ಟಿಲ ಹಗ್ಗ ಅವಳ ಕೈಯಲ್ಲೇ ಇತ್ತು. “ಚಂದದ ಹೆಸರು ಎರಡು ಸಲ ಇಟ್ಟಾತು. ಆಯುಷ್ ಅಂತ ಕರದ್ವಿ, ಹತ್ತೊಂಬತ್ತು ದಿನ ಇದ್ದ. ಅಮೃತಾ ಅಂದ್ವಿ, ಎರಡು ತಿಂಗಳು. ಇದನ್ನ ಯಾರೂ ಆಸೆ ಪಡಬಾರದು. ಬಂದಾಂವ ಹೆಸರು ಕೇಳಿ ಮಾರಿ ತಿರುವಿ ಹೋಗಬೇಕು.”

ಬರುವವನು ಯಾರು ಎಂದು ಯಾರೂ ಕೇಳಲಿಲ್ಲ.

“ಡಾಕ್ಟರು ಹೇಳ್ಯಾರಲ್ಲ, ಈ ಸಲ ಎಲ್ಲಾ ಟೆಸ್ಟೂ ನಾರ್ಮಲ್ ಅಂತ,” ಎಂದ ನಿಂಗರಾಜ. “ನಾಳೆ ದೊಡ್ಡಾಕಿ ಆದಮ್ಯಾಲ ನಮ್ಮನ್ನ ಬೈತಾಳ.”

“ಬೈಲಿ. ಬೈಯಾಕರ ದೊಡ್ಡಾಕಿ ಆಗಬೇಕಲ್ಲ.”

ಇಷ್ಟು ಗದ್ದಲವಾದರೂ ಮಗು ಏಳಲಿಲ್ಲವಲ್ಲ ಎಂಬುದು ನಿಂಗರಾಜನಿಗೆ ಆಗ ಹೊಳೆಯಿತು. ಬಗ್ಗಿ ಅದರ ಮೂಗಿನ ಕೆಳಗೆ ಬೆರಳಿಟ್ಟ. ತಾಗುತ್ತಿರುವುದು ಫ್ಯಾನಿನ ಗಾಳಿಯೋ ಮಗುವಿನ ಉಸಿರೋ ಗೊತ್ತಾಗಲಿಲ್ಲ.

“ಫ್ಯಾನ್ ಆರಿಸ್ರಿ,” ಎಂದ.

ಯಾರೋ ಸ್ವಿಚ್ ಒತ್ತಿದರು. ಫ್ಯಾನು ನಿಲ್ಲಲು ತನ್ನ ಪಾಡಿಗೆ ಹೊತ್ತು ತೆಗೆದುಕೊಂಡಿತು. ಅಷ್ಟರಲ್ಲಿ ಅವನಿಗೆ ಆದ ಹೆದರಿಕೆ ಹಿಂದಿನ ಎರಡು ಸಲ ಆಸ್ಪತ್ರೆಯಲ್ಲೂ ಆಗಿರಲಿಲ್ಲ. ಕೂಸು ಎಷ್ಟು ಸುಲಭವಾಗಿ ಕೈಬಿಟ್ಟು ಹೋಗುತ್ತದೆಂದು ಆಗ ಇಷ್ಟು ಗೊತ್ತಿರಲಿಲ್ಲ. ಕೊನೆಗೆ ಬೆರಳ ತುದಿಗೆ ಎಳೆಯಷ್ಟು ಬಿಸಿ ತಾಗಿತು. ಅವನು ಬೆರಳನ್ನು ಅಲ್ಲೇ ಇಟ್ಟುಕೊಂಡು ಇನ್ನೆರಡು ಉಸಿರು ಕಾದ.

“ಹೇಳ್ಬಿಡು ಅಕ್ಕಾ,” ಎಂದ.

ಶಂಕ್ರವ್ವ ತಮ್ಮನ ಮುಖ ನೋಡಿದಳು. ಬಗ್ಗಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಬೆನ್ನ ಮೇಲೆ ಗುದ್ದುಗಳು ಬಿದ್ದವು, ಎಂದಿನ ನಗು ಮಾತ್ರ ಇರಲಿಲ್ಲ. ಮಗು ಕಣ್ಣು ಬಿಟ್ಟು, ಮೈಮುರಿದು, ಬಾಯಿ ಚಪ್ಪರಿಸಿತು.

ಸರಸ್ವತಿ ತೊಟ್ಟಿಲ ಹತ್ತಿರ ಬಂದರು. “ಹೆಸರು ಏನಾದ್ರೂ ಇರ್ಲಿ ಬಿಡಿ,” ಎಂದರು. “ಮಗು ಮಾತ್ರ ಎಷ್ಟು ಮುದ್ದಾಗಿದೆ, ಒಳ್ಳೆ ಬೊಂಬೆ ಥರ.”

“ಇಲ್ರಿ ಆಂಟಿ,” ಎಂದ ನಿಂಗರಾಜ ತಟ್ಟನೆ. ಎದ್ದು ಹೋಗಿ ಮುಂಬಾಗಿಲು ತೆರೆದ. ಯಾರೂ ಇಲ್ಲದ ಮೆಟ್ಟಿಲುಗಳ ಕಡೆಗೆ ಮುಖ ಮಾಡಿ, ಗಟ್ಟಿಯಾಗಿ ಹೇಳಿದ: “ಏನೂ ಚಂದಿಲ್ಲ. ಯಾರಿಗೂ ಬ್ಯಾಡಾದ ಕೂಸು ಇದು.”