ಕೆಂಪರಾಜುವಿಗೆ ಬರಬೇಕಿದ್ದ ಸ್ಟಾರ್

ಇದನ್ನು ಹತ್ತು ಜನಕ್ಕೆ ಕಳಿಸಿ ಎಂದು ನಾನು ಕೇಳುವುದಿಲ್ಲ... ಓದಿ ಒಂದು ಗಳಿಗೆ ಸುಮ್ಮನೆ ಕೂತರೆ ಸಾಕು.

ಚೆಲುವಯ್ಯ ಒಂದು ಸಣ್ಣ ಊರಿನ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಆವತ್ತು ಬೆಳಿಗ್ಗೆ ಅವನಿಗೆ ಬಡ್ತಿಯ ಆದೇಶ ಬಂತು. ಇನ್ನು ಮೇಲೆ ಎಎಸ್‌ಐ... ಹೆಗಲ ಮೇಲೆ ಸ್ಟಾರ್!

ಮೈಸೂರುಪಾಕ್ ತರಿಸಿ ಎಂದು ಠಾಣೆಯವರೆಲ್ಲ ಗಂಟುಬಿದ್ದರು. ಅವನ ಮುಖ ಮಾತ್ರ ಸುಟ್ಟ ಬದನೆಕಾಯಿಯಂತಾಗಿತ್ತು.

ಯಾಕೆಂದರೆ ಆ ಸ್ಟಾರ್ ಬರಬೇಕಿದ್ದದ್ದು ಅವನಿಗಲ್ಲ... ಅವನ ಗೆಳೆಯ ಕೆಂಪರಾಜುವಿಗೆ.

ಇಬ್ಬರೂ ಒಂದೇ ಬ್ಯಾಚು. ಒಂದೇ ಮೈದಾನದಲ್ಲಿ ಓಡಿ, ಎದೆ ಉಬ್ಬಿಸಿ ಅಳತೆ ಕೊಟ್ಟು ಸೇರಿದವರು. ನೇಮಕಾತಿಯಲ್ಲಿ ಅಂಕವೂ ಸಮಸಮ. ಅಂಕ ಸಮ ಬಂದರೆ ವಯಸ್ಸಿನಲ್ಲಿ ದೊಡ್ಡವನೇ ಸೀನಿಯರ್ ಎಂದು ಕೆಂಪರಾಜುವಿನ ಹೆಸರನ್ನು ಮೇಲೆ ಬರೆದರು.

ಅಲ್ಲಿಂದ ಮುಂದೆ ಏನೇ ಬಂದರೂ ಮೊದಲು ಕೆಂಪರಾಜು, ಆಮೇಲೆ ಚೆಲುವಯ್ಯ. ನಾನು ಜಾಗ ಬಿಡುವವರೆಗೂ ನೀನು ಕ್ಯೂನಲ್ಲೇ ಇರಬೇಕು ಕಣೋ ಎಂದು ಅವನು ಇವನನ್ನು ರೇಗಿಸುತ್ತಿದ್ದ.

ಈ ಸಲ ಖಾಲಿ ಇದ್ದದ್ದು ಒಂದೇ ಹುದ್ದೆ. ನ್ಯಾಯವಾಗಿ ಅದು ಕೆಂಪರಾಜುವಿನದು.

ಆದರೆ ಕೆಂಪರಾಜು ಬೇಸಿಗೆಯ ಒಂದು ಬಂದೋಬಸ್ತಿನಲ್ಲಿ, ಬ್ಯಾರಿಕೇಡ್ ಹಿಡಿದು ನಿಂತಲ್ಲೇ ಕುಸಿದು ಹೋಗಿದ್ದ... ಹಾರ್ಟ್ ಅಟ್ಯಾಕ್. ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು.

ಪಟ್ಟಿಯಲ್ಲಿ ಮುಂದಿನ ಹೆಸರು ಚೆಲುವಯ್ಯನದು. ರೂಲ್ಸ್ ಅಂದರೆ ರೂಲ್ಸ್, ಅದಕ್ಕೆ ಕಣ್ಣೀರು ಕಾಣುವುದಿಲ್ಲ.

ಆ ಬಂದೋಬಸ್ತಿನ ಡ್ಯೂಟಿ ನಿಜಕ್ಕೂ ಚೆಲುವಯ್ಯನದು. ಮಗಳ ಸೀಮಂತವಿದೆ, ನನ್ನ ಬದಲು ನೀನು ಹೋಗು ಎಂದು ಅವನೇ ಕೇಳಿಕೊಂಡಿದ್ದ. ಇದು ಎಲ್ಲರಿಗೂ ಗೊತ್ತು.

ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು...

ಆವತ್ತು ಡ್ಯೂಟಿಗೆ ಹೊರಡುವಾಗ ಕೆಂಪರಾಜು ಎದೆ ನೀವಿಕೊಳ್ಳುತ್ತಾ, ಯಾಕೋ ಬೆಳಿಗ್ಗೆಯಿಂದ ಉರಿಯುತ್ತಿದೆ ಎಂದಿದ್ದ. ಹೊತ್ತಿಗೆ ಸರಿಯಾಗಿ ಊಟ ಕಾಣದ ಪೊಲೀಸರಿಗೆ ಎದೆ ಉರಿ ಏನು ಹೊಸದೇ? ಒಬ್ಬೊಬ್ಬರ ಜೇಬಿನಲ್ಲೂ ಗ್ಯಾಸ್ಟ್ರಿಕ್ ಮಾತ್ರೆ ಇದ್ದೇ ಇರುತ್ತದೆ.

ಚೆಲುವಯ್ಯ ತನ್ನ ಜೇಬಿನ ಮಾತ್ರೆಯನ್ನೇ ಕೊಟ್ಟು, ನುಂಗಿ ಹೊರಡು ಮಾರಾಯ ಎಂದು ಬೆನ್ನು ತಟ್ಟಿ ಕಳಿಸಿದ್ದ. ನಗುನಗುತ್ತಾ ಕಳಿಸಿದ್ದ...

ಆಮೇಲೆ ಅವನಿಗೆ ನೆಮ್ಮದಿ ಎಂಬುದೇ ಇಲ್ಲ. ಬೆಳಿಗ್ಗೆ ಹಾಜರಿ ಕೂಗುವಾಗ ತನ್ನ ಹೆಸರಿಗೆ ಮುಂಚೆ ಯಾರೋ "ಹಾಜರ್ ಸಾರ್" ಎಂದಂತೆ ಕೇಳುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ.

ತುತ್ತು ಬಾಯಿಗಿಟ್ಟರೆ ಆ ಮಾತ್ರೆಯ ಸುಣ್ಣದಂಥ ರುಚಿ. ಹೆಂಡತಿ ಏನಾಯಿತು ಎಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದ.

ಬಡ್ತಿ ಬೇಡ ಎಂದು ಬರೆದುಕೊಡಲು ರೂಲ್ಸಿನಲ್ಲಿ ಅವಕಾಶವಿದೆ. ಬರೆದುಕೊಟ್ಟುಬಿಡೋಣ ಎಂದು ತೀರ್ಮಾನಿಸಿದ. ಅದಕ್ಕೂ ಮೊದಲು ಕೆಂಪರಾಜುವಿನ ಹೆಂಡತಿ ಜಯಶೀಲಳ ಮನೆಗೆ ಹೋದ... ತಿಥಿಯಾದ ಮೇಲೆ ಅವನು ಆ ಕಡೆ ತಲೆ ಹಾಕಿರಲಿಲ್ಲ.

ಆಕೆ ಕ್ವಾರ್ಟರ್ಸ್ ಬಿಟ್ಟು ತಮ್ಮನ ಮನೆಯ ಹಿಂದಿನ ಒಂದು ರೂಮಿಗೆ ಬಂದಿದ್ದಳು. ಕೊಟ್ಟ ಕಾಫಿ ಆರಿಹೋಯಿತು. ಚೆಲುವಯ್ಯ ತಲೆ ಎತ್ತದೆ ಎಲ್ಲವನ್ನೂ ಹೇಳಿದ... ಮಾತ್ರೆಯ ವಿಷಯವನ್ನೂ. ಬೈಯಲಿ, ಶಾಪ ಹಾಕಲಿ, ಹೇಗೋ ಎದೆಯ ಭಾರ ಇಳಿಯಲಿ ಎಂದು ಕಾದ.

ಜಯಶೀಲ ಆರಿದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನೀವು ಹೋಗಿದ್ರೆ ಅವರು ಇರ್ತಿದ್ರೇನೋ ಅಂತ ನಾನೂ ದಿನಾ ಅಂದ್ಕೊಳ್ತೀನಿ ಅಣ್ಣ. ಇಲ್ಲ ಅಂತ ಸುಳ್ಳು ಹೇಳಲ್ಲ... ಮಾತ್ರೆ ವಿಷ್ಯ ಈಗ ಗೊತ್ತಾಯ್ತು."

ಸ್ಟಾರ್ ನನಗೆ ಬೇಡಮ್ಮ, ಬರೆದುಕೊಟ್ಟುಬಿಡುತ್ತೇನೆ ಎಂದ ಅವನು.

"ಬೇಡ ಅಂದ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ. ನನಗೇನು ಸಿಗುತ್ತೆ? ಹಾಕ್ಕೊಳ್ಳಿ... ಇನ್ಮೇಲೆ ಡ್ಯೂಟಿ ಹಂಚೋರು ನೀವು. ಯಾರಾದ್ರೂ ಎದೆ ಹಿಡ್ಕೊಂಡು ಮುಂದೆ ನಿಂತ್ರೆ ಮಾತ್ರೆ ಕೊಡ್ಬೇಡಿ. ಆಸ್ಪತ್ರೆಗೆ ಕಳ್ಸಿ. ಅಷ್ಟು ಮಾಡಿ ನನಗೆ."

ಆ ಐವತ್ತು ದಾಟಿದ ಪೊಲೀಸ್, ಕಳ್ಳರನ್ನು ಗದರಿಸಿ ಬಾಯಿ ಬಿಡಿಸಿದವನು, ಆಕೆಯ ಹೊಸಿಲಲ್ಲಿ ಕೂತು ಮಗುವಿನಂತೆ ಅತ್ತ.

ಸ್ಟಾರ್ ಹಾಕಿಕೊಂಡ. ಹಾಗೆಂದು ಕೆಂಪರಾಜು ಬಿಟ್ಟುಹೋದನೇ? ಇಲ್ಲ... ಹೆಗಲಿನ ಆ ಚೂರು ಲೋಹ ಬಂಡೆಯಷ್ಟು ತೂಗುತ್ತಿತ್ತು.

ಕೆಲವು ತಿಂಗಳ ನಂತರ ಊರಿನಲ್ಲಿ ಎಲೆಕ್ಷನ್ ರ‍್ಯಾಲಿ. ಜನ ಸಾಲದೆ ಎಸ್‌ಐ ಫೋನಿನಲ್ಲಿ ಕೂಗಾಡುತ್ತಿದ್ದರು. ಕಾನ್‌ಸ್ಟೇಬಲ್ ಇಮ್ತಿಯಾಜ್ ಬೆವರು ಒರೆಸಿಕೊಳ್ಳುತ್ತಾ ಬಂದು ನಿಂತ. ಏನಯ್ಯಾ ಎಂದರೆ, ಏನಿಲ್ಲ ಸಾರ್, ಗ್ಯಾಸ್ಟ್ರಿಕ್ಕು, ಸರಿಹೋಗುತ್ತೆ ಎಂದ.

ಚೆಲುವಯ್ಯ ಕೂತಲ್ಲಿಂದ ಎದ್ದ.

ಒಬ್ಬನನ್ನು ಬಿಟ್ಟರೂ ಮೇಲಿನವರು ಸುಮ್ಮನಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆಗಿದ್ದಾಗಲಿ ಎಂದು ಇಮ್ತಿಯಾಜ್‌ನನ್ನು ಜೀಪಿನಲ್ಲಿ ಕೂರಿಸಿ ಆಸ್ಪತ್ರೆಗೆ ಅಟ್ಟಿದ. ಅವನು ನಿಲ್ಲಬೇಕಾದ ಜಾಗದಲ್ಲಿ ತಾನೇ ಹೋಗಿ ಬಿಸಿಲಿಗೆ ನಿಂತ.

ಮಧ್ಯಾಹ್ನ ಫೋನ್ ಬಂತು. ರಕ್ತನಾಳ ಪೂರ್ತಿ ಮುಚ್ಚಿಹೋಗಿತ್ತಂತೆ... ಇನ್ನು ಸ್ವಲ್ಪ ತಡವಾಗಿದ್ದರೆ ಆಳು ಉಳಿಯುತ್ತಿರಲಿಲ್ಲವಂತೆ. ಈಗ ಜೀವಕ್ಕೆ ಭಯವಿಲ್ಲ.

ಅವನು ಜಯಶೀಲಳಿಗೆ ಫೋನ್ ಹಚ್ಚಿ ವಿಷಯ ಹೇಳಿದ. ಆ ಕಡೆಯಿಂದ ಬಿಕ್ಕುವ ಸದ್ದು ಮಾತ್ರ...

ಆಮೇಲೆ ಮೂಗೊರೆಸಿಕೊಂಡು ಆಕೆ ಕೇಳಿದಳು.

"ಇಮ್ತಿಯಾಜ್ ಹೆಂಡ್ತಿ ಆಸ್ಪತ್ರೇಲಿ ಒಬ್ಬರೇ ಕೂತಿದ್ದಾರಾ ಅಣ್ಣ?... ಆವತ್ತು ನನ್ನ ಪಕ್ಕ ಯಾರೂ ಇರಲಿಲ್ಲ. ನಾನು ಈಗಲೇ ಹೊರಟೆ."

ಒಬ್ಬರ ಜಾಗ ನಮ್ಮ ಪಾಲಿಗೆ ಬಂದರೆ, ಅವರು ಹೇಳಿದಾಗ ನಾವು ಕೇಳಿಸಿಕೊಳ್ಳದ ನೋವೂ ನಮ್ಮ ಪಾಲಿನದೇ.

ಇವತ್ತು ನಿಮ್ಮ ಪಕ್ಕದವರು "ಏನಿಲ್ಲ ಬಿಡಿ" ಎಂದಾಗ... ನೀವು ಇನ್ನೊಮ್ಮೆ ಕೇಳಿದಿರಾ?