ತೊಳೆಯದ ಕಡಲೆಕುಡಿ

ಮಗಳ ಕೈಗೆ ಸ್ಯಾನಿಟೈಜರ್ ಹಚ್ಚುವಾಗಲೆಲ್ಲ ಆ ವಾಸನೆಗೆ ಅಬ್ಬಿಗೇರಿಯ ನಮ್ಮ ಎರೆಹೊಲದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಕಡಲೆಗಿಡದ ಎಳೆಯ ಕುಡಿ ಚಿವುಟಿ ಕೊಟ್ಟಳು. ನಾನು ಬಾಯಿಗಿಡುವ ಮೊದಲೇ ಅವ್ವ ಕಸಿದುಕೊಂಡು, ಸೋಪು ಹಚ್ಚಿ ತನ್ನ ಕೈ ತೊಳೆದು, ಮನೆಯಿಂದ ಕಾಸಿ ತಂದಿದ್ದ ನೀರಿನಲ್ಲಿ ಕುಡಿಯನ್ನೂ ತಿಕ್ಕಿ ತೊಳೆದು ಕೊಟ್ಟಳು. ತಿಂದರೆ ಬರೀ ಹುಲ್ಲು.

"ಎಲಿ ಮ್ಯಾಲಿನ ಹುಳಿ ಎಲ್ಲಾ ತೊಳದ ಹೋತಲ್ಲ ಯವ್ವಾ," ಎಂದಳು ಅಜ್ಜಿ. "ಹಿಂಗ ತಿಕ್ಕಿದ್ರ ಕೂಸಿನ ಮೈಯಾಗಿನ ಕಸುವೂ ಹೋಗ್ತೈತಿ. ಅದಕ್ಕ ನೋಡು, ಯಾವಾಗ್ಲೂ ನೆಗಡಿ."

ಅವ್ವ ತಲೆ ತಗ್ಗಿಸಿದಳು. "ಮೊದಲಿನ ಕೂಸು ವಾಂತಿಭೇದಿಯಾಗ ಹೋತಲ್ರಿ, ಅತ್ತಿ."

ಅಜ್ಜಿ ಅದೇ ನೀರಿನಲ್ಲಿ ತನ್ನ ಕೈ ತೊಳೆದುಕೊಂಡು, ಹೊಸ ಕುಡಿ ಚಿವುಟಿ ಅವ್ವನ ಬಾಯಿಗಿಟ್ಟಳು. ಹುಳಿಗೆ ಅವ್ವನ ಕಣ್ಣು ಕಿರಿದಾದವು.

ಆಮೇಲೆ ಅವ್ವನೇ ಒಂದು ಕುಡಿ ಚಿವುಟಿದಳು. ನೀರಿನ ತಂಬಿಗೆಯತ್ತ ನೋಡಿದಳು. ತೊಳೆಯದೆ ನನ್ನ ಬಾಯಿಗಿಟ್ಟಳು. ಹುಳಿಯ ಜೊತೆಗೆ ಅವಳ ಬೆರಳಿನ ಸೋಪೂ ನಾಲಿಗೆಗೆ ತಾಗಿತು.